ಬರವಣಿಗೆಯಿಲ್ಲದ ಭಾಷಾ ಪರೀಕ್ಷೆ

ಕೊರೋನಾ ಪಿಡುಗಿನಿಂದ 2020ರ ಮಾರ್ಚ್ ತಿಂಗಳಲ್ಲಿ ಕರ್ನಾಟಕದ ಪ್ರೌಢಶಾಲೆಗಳು ಮುಚ್ಚಿದುವು. ವಿದ್ಯಾಗಮವೆಂಬ ಏರ್ಪಾಡಿನಂತೆ ಉಪಾಧ್ಯಾಯರು ಗುಡಿಯ ಜಗಲಿಗೂ ಮರದ ನೆರಳಿಗೂ ಹೋಗಿ ಪಾಠ ಹೇಳಿದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ಚಂದನ ವಾಹಿನಿಯ ಪಾಠಗಳಿದ್ದುವು, ನಿಜ. ಆದರೆ ದೂರದರ್ಶನವು ಮಗುವಿನ ಕಾಪಿ ತಿದ್ದೀತೆ?

2021ರ ಜುಲೈ 22ರಂದು ಎಸ್.ಎಸ್.ಎಲ್.ಸಿ. ಭಾಷಾ ಪರೀಕ್ಷೆ. ಮೂರು ಭಾಷೆಗಳೂ ಒಂದೇ ದಿನ, ತಲಾ 40 ಅಂಕ; ಸರಿಯುತ್ತರದ ವೃತ್ತಕ್ಕೆ ಮಸಿ ತುಂಬಿದರಾಯಿತು. ಸೋಂಕಿನ ಕಾಲದಲ್ಲಿ ಅನ್ಯಮಾರ್ಗವಿರಲಿಲ್ಲವೆಂದು ಒಪ್ಪುತ್ತೇನೆ. ನನ್ನಂಥ ಪಂಡಿತನಿಗೆ ಮಾತ್ರ ಅದು ಉಪ್ಪಿಲ್ಲದ ಊಟ.

ಆಗಸ್ಟ್ 23ರಂದು ಶಾಲೆ ತೆರೆದ ಮೇಲೆ ಒಂಬತ್ತನೆಯ ತರಗತಿಗೆ ಪತ್ರಲೇಖನ ಕೊಟ್ಟೆ. ಒಬ್ಬ ಹುಡುಗ ‘ತೀರ್ಥರೂಪ’ ಎಂದು ಬರೆದು ಅಲ್ಲಿಯೇ ನಿಂತ. ಅಭ್ಯಾಸ ತಪ್ಪಿದೆಯೆಂದು ಗದರಿದೆ. ಅವನ ತಂದೆ ಆ ರೋಗದಿಂದಲೇ ತೀರಿಕೊಂಡಿದ್ದರೆಂದು ಅನಂತರ ತಿಳಿಯಿತು.