ಸುಹೈಲಿ: ಜಗತ್ತು ಸುತ್ತಿದ ಮುಂಬೈ ದೋಣಿ

ಘಾಟ್ಕೋಪರ್‌ನಿಂದ ಮಾತಾಡ್ತಿದ್ದೇನೆ. ಇಲ್ಲಿಂದ ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದು ಇನ್ನೂ ದಕ್ಷಿಣಕ್ಕೆ ಹೋದರೆ ಕೊಲಾಬಾ. ನಮಗೆ ಅದು ಗೇಟ್‌ವೇ, ಶಾಪಿಂಗ್ ಅಷ್ಟೇ. ಆದರೆ ಒಬ್ಬನೇ ಮನುಷ್ಯ ಎಲ್ಲೂ ನಿಲ್ಲದೆ ಭೂಮಿ ಸುತ್ತಿಬಂದ ಮೊದಲ ದೋಣಿ ತಯಾರಾದದ್ದು ಅಲ್ಲೇ, ಕೊಲಾಬಾ ವರ್ಕ್‌ಶಾಪ್‌ನಲ್ಲಿ. ಅದರ ಹೆಸರು ಸುಹೈಲಿ.

ರಾಬಿನ್ ನಾಕ್ಸ್-ಜಾನ್‌ಸ್ಟನ್ ಆಗ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಅಧಿಕಾರಿ. ನಮ್ಮ ಹಾಗೇ ಕೆಲಸಕ್ಕಾಗಿ ಊರು ಬಿಟ್ಟವರು. ಮುಂಬೈನಲ್ಲಿ ದೋಣಿ ಕಟ್ಟಿಸಿ, ಅದರಲ್ಲೇ ಇಂಗ್ಲೆಂಡಿಗೆ ವಾಪಸ್ ಹೋಗೋದು ಅವರ ಪ್ಲಾನ್. ದೋಣಿಯ ಉದ್ದ 32 ಅಡಿ, ಅಂದ್ರೆ 12 ಮೀಟರಿನ ಸಿಟಿ ಬಸ್ಸಿಗಿಂತ ಗಿಡ್ಡ. ಮರ ಪೂರ್ತಿ ತೇಗ. ಕಟ್ಟಿದವರು ಇಲ್ಲಿನ ಬಡಗಿಗಳು. ಬಾಚಿಯಿಂದ ಕೆತ್ತಿ, ಬಿಲ್ಲಿನ ಹಗ್ಗ ಸುತ್ತಿ ತಿರುಗಿಸೋ ಬೈರಿಗೆಯಿಂದ ತೂತು ಕೊರೆದು ಕಟ್ಟಿದರು. 1964ರ ಡಿಸೆಂಬರ್‌ನಲ್ಲಿ ದೋಣಿ ನೀರಿಗಿಳಿಯಿತು. ಮರುವರ್ಷ ರಾಬಿನ್, ಅವರ ತಮ್ಮ ಕ್ರಿಸ್ ಮತ್ತು ಗೆಳೆಯ ಹೈಂಜ್ ಫಿಂಗರ್‌ಹಟ್ ಹೊರಟರು. ದಕ್ಷಿಣ ಆಫ್ರಿಕಾ ಮುಟ್ಟೋ ಹೊತ್ತಿಗೆ ದುಡ್ಡು ಖಾಲಿ. ಅಲ್ಲೇ ಕೆಲಸ ಮಾಡಿ ಗಳಿಸಿ ಮುಂದಕ್ಕೆ ಹೋದರು.

ಈಗ ಒಂದು ಪ್ರಶ್ನೆ. ದೂರದ ಸಮುದ್ರಯಾನಕ್ಕೆ ದೋಣಿ ಸಿದ್ಧ ಮಾಡೋದು ಅಂದ್ರೆ ಏನು? ನೀರು, ಡಬ್ಬಿ ಊಟ, ಹಾಯಿ, ಹಗ್ಗ, ನಕ್ಷೆ... ಇವೆಲ್ಲ ಬೇಕೇ ಬೇಕು. ಆದರೆ ಪಟ್ಟಿಯಲ್ಲಿ ಬರೆಯೋಕಾಗದ ಒಂದಿದೆ. ಹೋಗುವವರಿಗೆ ಆ ದೋಣಿಯ ಪ್ರತಿ ಹಲಗೆಯ ಪರಿಚಯ ಇರಬೇಕು.

1968ರ ಜೂನ್ 14ರಂದು ರಾಬಿನ್ ಇಂಗ್ಲೆಂಡಿನ ಫಾಲ್ಮೌತ್‌ನಿಂದ ಗೋಲ್ಡನ್ ಗ್ಲೋಬ್ ರೇಸ್‌ಗೆ ಒಬ್ಬರೇ ಹೊರಟರು. ಅಟ್ಲಾಂಟಿಕ್‌ನಲ್ಲಿ ದೋಣಿಯೊಳಗೆ ನೀರು ಬರೋಕೆ ಶುರುವಾಯ್ತು. ತಳದ ಹಲಗೆಗಳು ಕೂಡುವ ಸಂದಿಯಲ್ಲಿ ಸೋರಿಕೆ. ಅವರು ಸಮುದ್ರಕ್ಕಿಳಿದು, ಉಸಿರು ಬಿಗಿಹಿಡಿದು ಮುಳುಗಿ ಮುಳುಗಿ, ಸಂದಿಗೆ ಹತ್ತಿ ತುರುಕಿದರು. ಮೇಲೆ ಕ್ಯಾನ್ವಾಸ್, ಅದರ ಮೇಲೆ ತಾಮ್ರದ ಪಟ್ಟಿ ಹೊಡೆದರು. ಮುಂದೆ ರೇಡಿಯೋ ಕೆಟ್ಟಿತು, ತಾನಾಗಿ ದಿಕ್ಕು ಹಿಡಿಯೋ ಸ್ಟೀರಿಂಗ್ ವ್ಯವಸ್ಥೆಯೂ ಮುರಿಯಿತು. ಆದರೂ 312 ದಿನಗಳ ನಂತರ, 1969ರ ಏಪ್ರಿಲ್ 22ರಂದು ಫಾಲ್ಮೌತ್‌ಗೆ ಮರಳಿದರು. ಹೊರಟ 9 ಮಂದಿಯಲ್ಲಿ ರೇಸ್ ಮುಗಿಸಿದ್ದು ಅವರೊಬ್ಬರೇ.

ನಾವು ಇದನ್ನ ಚೆನ್ನಾಗಿ ಅರ್ಥ ಮಾಡ್ಕೋಬಲ್ಲೆವು. ರಾತ್ರಿ ಎರಡಕ್ಕೆ ಸಿಸ್ಟಮ್ ಬಿದ್ದಾಗ ಕೆಲಸಕ್ಕೆ ಬರೋದು ಡಾಕ್ಯುಮೆಂಟ್ ಓದಿದವರಿಗಿಂತ ಕೈಯಾರೆ ಕಟ್ಟಿದವರು. ವ್ಯತ್ಯಾಸ ಅಂದ್ರೆ, ನಮ್ಮಲ್ಲಿ ತಪ್ಪಿದರೆ ಟಿಕೆಟ್ ಬರುತ್ತೆ. ಅಲ್ಲಿ ಪ್ರಾಣ ಹೋಗುತ್ತೆ.

ಸುಮಾರು ನಾಲ್ಕು ದಶಕದ ನಂತರ ಈ ಪಾಠ ಮುಂಬೈಗೇ ವಾಪಸ್ ಬಂತು. 2006ರಲ್ಲಿ ಭಾರತೀಯ ನೌಕಾಪಡೆಯ ಕಮಾಂಡರ್ ದಿಲೀಪ್ ದೋಂಡೆ ಒಂಟಿಯಾಗಿ ಜಗತ್ತು ಸುತ್ತೋಕೆ ಒಪ್ಪಿಕೊಂಡರು. ಇಂಗ್ಲೆಂಡಿಗೆ ಹೋಗಿ ಇದೇ ರಾಬಿನ್ ಅವರ ಹತ್ತಿರ ಕಲಿತರು. ಆಮೇಲೆ ಗೋವಾದಲ್ಲಿ ರತ್ನಾಕರ್ ದಾಂಡೇಕರ್ 56 ಅಡಿಯ ದೋಣಿ ಕಟ್ಟುವಾಗ ಜೊತೆಗೇ ಇದ್ದರು. ಆ ದೋಣಿಯ ಹೆಸರು ಮ್ಹಾದೇಯಿ. ಹೌದು, ನಮ್ಮ ಖಾನಾಪುರದ ಭೀಮಗಡ ಕಾಡಿನಲ್ಲಿ ಹುಟ್ಟೋ ಅದೇ ಮಹದಾಯಿ. ಸುದ್ದಿಯಲ್ಲಿ ನಾವು ಜಗಳದ ನದಿಯಾಗಿ ಮಾತ್ರ ಕೇಳಿರೋ ಈ ಹೆಸರು 2009ರ ಆಗಸ್ಟ್ 19ರಂದು ಮುಂಬೈ ಬಿಟ್ಟು, ನಾಲ್ಕೇ ಬಂದರುಗಳಲ್ಲಿ ನಿಂತು, 2010ರ ಮೇ ತಿಂಗಳಲ್ಲಿ ಭೂಮಿ ಸುತ್ತಿ ವಾಪಸ್ ಬಂತು. ಒಂಟಿಯಾಗಿ ಈ ಯಾನ ಮಾಡಿದ ಮೊದಲ ಭಾರತೀಯ ದೋಂಡೆ.

ದಾಖಲೆ ನಾವಿಕರ ಹೆಸರಿನಲ್ಲಿದೆ, ಇರಲಿ. ಆದರೆ ಸುಹೈಲಿಯನ್ನ ತೇಲಿಸಿದ್ದರಲ್ಲಿ ಬಾಚಿ ಹಿಡಿದ ಕೈಗಳ ಪಾಲೂ ಇದೆ. ನಿಮ್ಮ ಮನೆ ಮಲ್ಪೆ, ಗಂಗೊಳ್ಳಿ, ಹೊನ್ನಾವರದ ಕಡೆಯದಾದರೆ, ದೋಣಿ ಕಟ್ಟಿದ ಹಿರಿಯರು ಇನ್ನೂ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಅವರ ಹತ್ತಿರ ಕೂತು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮತ್ತೆ ಸಿಗೋಣ.