ಪದ ಪರಿಚಯ: ಹೈಪರ್‌ವೈಸರ್

ಒಂದೇ ಸರ್ವರನ್ನು ಹಲವು ಪಾಲು ಮಾಡಿ, ಪ್ರತಿ ಪಾಲಿನಲ್ಲೂ ಬೇರೆ ಆಪರೇಟಿಂಗ್ ಸಿಸ್ಟಂ ಓಡಿಸುವ ತಂತ್ರಾಂಶ. ಆಪರೇಟಿಂಗ್ ಸಿಸ್ಟಂನ ತಿರುಳಿಗೆ ಹಿಂದೆ ‘ಸೂಪರ್‌ವೈಸರ್’ ಎಂಬ ಹೆಸರಿತ್ತು. ಅದರ ಮೇಲೂ ಅಧಿಕಾರ ನಡೆಸುವುದರಿಂದ ಇದು ‘ಹೈಪರ್’. ಲ್ಯಾಟಿನ್ನಿನ ‘ಸೂಪರ್’, ಗ್ರೀಕಿನ ‘ಹೈಪರ್’ ಎರಡಕ್ಕೂ ‘ಮೇಲೆ’ ಎಂದೇ ಅರ್ಥ.

ಹೆಸರು ಒಂದಾದರೂ ನೆಲೆ ಬೇರೆ. ಐಬಿಎಂನ ಪವರ್ ಸರ್ವರುಗಳಲ್ಲಿ ಇದು ಫರ್ಮ್‌ವೇರಿನಲ್ಲೇ ಅಡಕ; 2001ರ ಪವರ್4 ಪ್ರೊಸೆಸರ್‌ನಲ್ಲೇ ಇದಕ್ಕೆಂದು ಪ್ರತ್ಯೇಕ ಅಧಿಕಾರಸ್ತರವಿತ್ತು. ಅಲ್ಲಿನ ಪಾಲಿಗೆ ‘ಎಲ್‌ಪಾರ್’ ಎನ್ನುತ್ತಾರೆ. ಎಕ್ಸ್86 ಸರ್ವರುಗಳಲ್ಲಿ ಸಾಮಾನ್ಯವಾಗಿ ಬೇರೆಯಾಗಿ ಅಳವಡಿಸಬೇಕು. ಪಾಲಿನ ಹೆಸರು ‘ವರ್ಚುವಲ್ ಮಷೀನ್’. 2005ರಲ್ಲಿ ಇಂಟೆಲ್‌ನ ವಿಟಿ-ಎಕ್ಸ್ ಎಂಬ ಸೌಲಭ್ಯ ಬರುವ ಮುನ್ನ ಇಲ್ಲಿ ಇದಕ್ಕೆ ಪ್ರೊಸೆಸರ್‌ನ ನೆರವಿರಲಿಲ್ಲ. ಆಗ ವಿಎಂವೇರ್ ಕಂಪನಿಯ ಹೈಪರ್‌ವೈಸರ್ ತೊಡಕಿನ ಆದೇಶಗಳನ್ನು ಓಡುತ್ತಿರುವಾಗಲೇ ಬದಲಿಸುತ್ತಿತ್ತು. ಹೀಗೆ ನೆಲೆ ಬೇರೆಯಾದ್ದರಿಂದ ‘ಹೈಪರ್‌ವೈಸರ್ ಅಪ್‌ಡೇಟ್’ ಎಂದರೆ ಪವರ್‌ನಲ್ಲಿ ಫರ್ಮ್‌ವೇರ್ ಕೆಲಸ, ಎಕ್ಸ್86ನಲ್ಲಿ ತಂತ್ರಾಂಶದ ಕೆಲಸ.