ವ್ಯಾಯಾಮ, ಆಟ ಮತ್ತು ಕಂಪ್ಯೂಟರ್: ಉತ್ತರ ಬೆಂಗಳೂರಿನ ಚರಿತ್ರೆ

ದೈಹಿಕ ಶಿಕ್ಷಣ, ವ್ಯಾಯಾಮ ಹಾಗೂ ಬಿಡುವಿನ ಆಟಗಳ ಲೋಕಕ್ಕೆ ಕಂಪ್ಯೂಟರ್ ಮತ್ತು ಅದರ ಬೆನ್ನಿಗೇ ಹುಟ್ಟಿದ ಸ್ಮಾರ್ಟ್‌ಫೋನ್, ಜಿಪಿಎಸ್, ಆ್ಯಪ್‌ಗಳು ಬಂದು ಸೇರಿದ ಬಗೆಯೇ ಈ ಲೇಖನದ ವಿಷಯ. ಯಶವಂತಪುರ, ಆರ್.ಟಿ. ನಗರ, ಹೆಬ್ಬಾಳ, ಯಲಹಂಕ, ಅಲ್ಲಿಂದ ಮುಂದೆ ದೇವನಹಳ್ಳಿಯವರೆಗೆ ಹಬ್ಬಿರುವ ಉತ್ತರ ಬೆಂಗಳೂರಿನಲ್ಲಿ ಒಲಿಂಪಿಕ್ ಮಟ್ಟದ ತರಬೇತಿ ಕೇಂದ್ರವೂ ಇದೆ, ಪಿ.ಟಿ. ಮೇಷ್ಟ್ರ ಸೀಟಿಗೆ ಓಡುವ ಶಾಲೆಯ ಬಯಲೂ ಇದೆ. ದೇಹವನ್ನು ಅಳೆಯುವ ಹಂಬಲ ಹಳೆಯದೇ. ಅಳತೆ ಬರೆದಿಟ್ಟ ಪುಸ್ತಕ ಯಾರ ಕೈಯಲ್ಲಿ ಇರುತ್ತದೆ ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

ಹಳೆಯ ಮೈಸೂರು ಸೀಮೆಯ ಗರಡಿ ಮನೆಗಳಲ್ಲಿ ಉಸ್ತಾದರ ಕಣ್ಣೇ ಅಳತೆಗೋಲು. ಹುಡುಗ ಎಷ್ಟು ದಂಡ, ಎಷ್ಟು ಬಸ್ಕಿ ಹೊಡೆದ, ಮಟ್ಟಿಯಲ್ಲಿ ಎಷ್ಟು ಹೊತ್ತು ತಾಳಿದ ಎಂಬ ಲೆಕ್ಕ ಅವರ ತಲೆಯಲ್ಲೇ ಇರುತ್ತಿತ್ತು. ಈ ಪಾಠವನ್ನು ಗರಡಿಯ ಗೋಡೆಯಾಚೆ ಕಳಿಸಿದವರಲ್ಲಿ ಕೆ.ವಿ. ಅಯ್ಯರ್ ಮುಖ್ಯರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಅಯ್ಯರ್ ವೃತ್ತಿಯಿಂದ ವ್ಯಾಯಾಮ ಗುರುಗಳು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ತಂದರು, ಡಂಬೆಲ್ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸಿದರು, ಅಂಚೆಯಲ್ಲಿ ಪಾಠ ಕಳಿಸಿ ಊರೂರಿನ ಶಿಷ್ಯರನ್ನು ತಯಾರು ಮಾಡಿದರು. ಗುರು ಎದುರಿಗಿಲ್ಲದೆಯೂ ಮೈ ಪಳಗಿಸಬಹುದು ಎಂಬ ಧೈರ್ಯ ಬೆಂಗಳೂರಿಗೆ ಬಂದದ್ದು ಹೀಗೆ, ಲಕೋಟೆಯೊಳಗೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಜಿಮ್‌ಗಳ ಬಾಗಿಲು ಮುಚ್ಚಿದಾಗ, 2016ರಲ್ಲಿ ಇದೇ ಊರಿನಲ್ಲಿ ಶುರುವಾಗಿದ್ದ ಕ್ಯೂರ್‌ಫಿಟ್ ಸಂಸ್ಥೆ ತನ್ನ ‘ಕಲ್ಟ್’ ತರಗತಿಗಳನ್ನು ಮೊಬೈಲ್ ಪರದೆಗೆ ತಂದಿತು. ಎರಡರ ಹೆಸರಿನಲ್ಲೂ ‘ಕಲ್ಟ್’ ಇರುವುದು ಕಾಕತಾಳೀಯ. ಆದರೂ ಅಯ್ಯರ್ ಅವರ ಅಂಚೆ ಪಾಠವನ್ನು ಇದರ ಪೂರ್ವಜ ಎನ್ನಲು ಅಡ್ಡಿಯಿಲ್ಲ.

ಜಗತ್ತಿನ ಮಟ್ಟದಲ್ಲಿ 1982 ದೊಡ್ಡ ತಿರುವಿನ ವರ್ಷ. ಫಿನ್ಲೆಂಡಿನ ಪೋಲಾರ್ ಕಂಪನಿ ಎದೆಪಟ್ಟಿಯಿಂದ ಕೈಗಡಿಯಾರಕ್ಕೆ ತಂತಿಯಿಲ್ಲದೆ ನಾಡಿಬಡಿತ ತಲುಪಿಸುವ ಸಾಧನವನ್ನು ಮಾರುಕಟ್ಟೆಗೆ ಬಿಟ್ಟಿತು. ಕೆನಡಾದ ಲ್ಯೂಕ್ ಲೆಜೆ 20 ಮೀಟರ್ ಅಂತರದಲ್ಲಿ ‘ಬೀಪ್’ ಸದ್ದಿಗೆ ತಕ್ಕಂತೆ ಹೋಗಿ ಬಂದು ಓಡುವ ಪರೀಕ್ಷೆಯನ್ನು ಪ್ರಕಟಿಸಿದರು. ಅಮೆರಿಕದ ಟೆಕ್ಸಸ್‌ನಲ್ಲಿ ‘ಫಿಟ್‌ನೆಸ್‌ಗ್ರಾಮ್’ ಹುಟ್ಟಿತು. ಮಕ್ಕಳ ಓಟ, ಬಾಗುವಿಕೆ, ತ್ರಾಣದ ಅಂಕಿಗಳನ್ನು ಕಂಪ್ಯೂಟರಿಗೆ ಊಡಿ, ಅಂಕಪಟ್ಟಿಯಂತೆ ಅಚ್ಚು ಹಾಕಿ ಪೋಷಕರಿಗೆ ಕಳಿಸುವ ಪದ್ಧತಿ ಅದು. ಈ ಮೂರರಲ್ಲಿ ಶಾಲೆಗಳ ಮಟ್ಟಿಗೆ ದೊಡ್ಡ ಹೆಜ್ಜೆ ಫಿಟ್‌ನೆಸ್‌ಗ್ರಾಮ್ ಎಂದೇ ಹೇಳಬೇಕು. ಮೇಷ್ಟ್ರ ರಿಜಿಸ್ಟರ್‌ನಲ್ಲಿ ಉಳಿದುಬಿಡುತ್ತಿದ್ದ ಅಂಕಿ ಮೊದಲ ಬಾರಿಗೆ ಮನೆಗೆ ಬಂತು.

ಲೆಜೆಯವರ ಬೀಪ್ ಪರೀಕ್ಷೆಯ ಜಾಡಿನಲ್ಲೇ ಡೆನ್ಮಾರ್ಕ್‌ನ ಯೆನ್ಸ್ ಬಾಂಗ್ಸ್‌ಬೊ ರೂಪಿಸಿದ್ದು ಯೋ-ಯೋ ಪರೀಕ್ಷೆ. 20 ಮೀಟರ್ ಹೋಗಿ, ತಿರುಗಿ, 20 ಮೀಟರ್ ಬರಬೇಕು. 10 ಸೆಕೆಂಡ್ ಸುಧಾರಿಸಿಕೊಂಡು ಮತ್ತೆ ಹೊರಡಬೇಕು. ಬೀಪ್‌ಗಳ ನಡುವಿನ ಅಂತರ ಕಿರಿದಾಗುತ್ತ ಹೋಗುತ್ತದೆ. 2017ರಲ್ಲಿ ಭಾರತ ಕ್ರಿಕೆಟ್ ತಂಡ ಇದನ್ನು ಕಡ್ಡಾಯ ಮಾಡಿ 16.1 ಅಂಕದ ಗೆರೆ ಎಳೆಯಿತು. 2018ರ ಐಪಿಎಲ್‌ನಲ್ಲಿ 602 ರನ್ ಹೊಡೆದಿದ್ದ ಅಂಬಟಿ ರಾಯುಡು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ನಡೆದ ಪರೀಕ್ಷೆಯಲ್ಲಿ ಆ ಗೆರೆ ಮುಟ್ಟದೆ ಇಂಗ್ಲೆಂಡ್ ಪ್ರವಾಸ ಕಳೆದುಕೊಂಡರು. ಬ್ಯಾಟಿನ ಲೆಕ್ಕಕ್ಕೂ ಬೀಪಿನ ಲೆಕ್ಕಕ್ಕೂ ತಾಳೆಯಾಗದ ಈ ಪ್ರಸಂಗ ಬಹಳ ದಿನ ಚರ್ಚೆಯಾಯಿತು. ಮೈಯ ಒಂದು ಗುಣವನ್ನು ಅಳೆಯುವ ಅಂಕಿಗೆ ಇಡೀ ಆಟಗಾರನನ್ನು ತೂಗುವ ಅಧಿಕಾರ ಕೊಟ್ಟದ್ದು ಹೆಚ್ಚಾಯಿತು ಎಂದೇ ಅನಿಸುತ್ತದೆ. 2023ರ ಜನವರಿಯಲ್ಲಿ ಕ್ರಿಕೆಟ್ ಮಂಡಳಿ ಬಿಸಿಸಿಐ ಯೋ-ಯೋ ಜೊತೆಗೆ, ಮೂಳೆ, ಕೊಬ್ಬು, ಸ್ನಾಯುಗಳ ಪಾಲನ್ನು ಕ್ಷ-ಕಿರಣದಿಂದ ಬಿಡಿಸಿ ತೋರಿಸುವ ಡೆಕ್ಸಾ ಸ್ಕ್ಯಾನನ್ನೂ ಆಯ್ಕೆಯ ಮಾನದಂಡಕ್ಕೆ ಸೇರಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆಲೂರಿನ ಕೆಎಸ್‌ಸಿಎ ಮೈದಾನದ ಶಿಬಿರದಲ್ಲಿದ್ದ ವಿರಾಟ್ ಕೊಹ್ಲಿ ತಮ್ಮ 17.2 ಅಂಕವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿಕೊಂಡರು. ಇಂಥ ಅಂಕಿಗಳನ್ನು ಹೊರಗೆ ಹೇಳಬಾರದೆಂದು ಮಂಡಳಿ ಆಟಗಾರರಿಗೆ ತಿಳಿಸಿದ್ದಾಗಿ ಪತ್ರಿಕೆಗಳು ಬರೆದವು. ತನ್ನ ಮೈಯ ಅಂಕಿ ತನ್ನದೇ, ಮಂಡಳಿಯದೇ ಎಂಬ ಪ್ರಶ್ನೆ ಎದ್ದದ್ದು ಹೀಗೆ.

ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ 2024ರ ಸೆಪ್ಟೆಂಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ ಬಿಟ್ಟು ವಿಮಾನ ನಿಲ್ದಾಣದ ಹತ್ತಿರದ 40 ಎಕರೆಗೆ ಸ್ಥಳಾಂತರವಾಯಿತು. ಅಲ್ಲಿ 3 ಮೈದಾನಗಳಿವೆ, 86 ಪಿಚ್‌ಗಳಿವೆ. ಅದಕ್ಕೂ ಮೊದಲೇ, 2017ರ ಹೊತ್ತಿಗೆ, ಯಲಹಂಕದಾಚೆ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ ತಲೆ ಎತ್ತಿತ್ತು. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ, ಮದುವೆಗಳ ಬಿಡುವು ನೋಡಿಕೊಂಡು ಅಭ್ಯಾಸ ಮಾಡಿ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದವರು ಪ್ರಕಾಶ್ ಪಡುಕೋಣೆ. 1994ರಲ್ಲಿ ಅವರು ಕಟ್ಟಿದ ಅಕಾಡೆಮಿ ಇಂದು ಯಲಹಂಕದಾಚೆಯ ಆ ಕ್ರೀಡಾ ಕೇಂದ್ರದ ಆವರಣದಲ್ಲಿದೆ. ಲಕ್ಷ್ಯ ಸೇನ್ ಪಳಗಿದ್ದು ಆ ಅಕಾಡೆಮಿಯಲ್ಲಿ. ಶೂಟಿಂಗ್ ಚಿನ್ನದ ಅಭಿನವ್ ಬಿಂದ್ರಾ ಹೆಸರಿನ ಒಂದು ಕ್ರೀಡಾ ವಿಜ್ಞಾನ ಕೇಂದ್ರವೂ ಈ ಆವರಣಕ್ಕೆ ಬಂತು.

ಇಂಥ ಕೇಂದ್ರಗಳಲ್ಲಿ ಬಳಸುವ ಬಲ ಅಳೆಯುವ ಹಲಗೆಯನ್ನು ಹತ್ತಿರದಿಂದ ನೋಡಬೇಕು. ನೆಲಕ್ಕೆ ಸಮನಾಗಿ ಕೂರಿಸಿದ ಎರಡು ಲೋಹದ ಹಲಗೆ, ಕಾಲಿಗೊಂದರಂತೆ. ಆಟಗಾರ ಮೊಣಕಾಲು ಮಡಚಿ ಜಿಗಿದು ಇಳಿಯುತ್ತಾನೆ, ಅಷ್ಟೇ. ಸೆಕೆಂಡಿಗೆ ಸಾವಿರದಷ್ಟು ಸಲ ಕಾಲು ಒತ್ತುವ ಬಲವನ್ನು ಅಳೆಯುವ ಯಂತ್ರ ಎಡಗಾಲಿಗೊಂದು, ಬಲಗಾಲಿಗೊಂದು ಗೆರೆ ಬಿಡಿಸುತ್ತದೆ. ಮೊಣಕಾಲಿನ ಪೆಟ್ಟಿನಿಂದ ಚೇತರಿಸಿಕೊಂಡವನು ‘ಸರಿಯಾಗಿದೆ’ ಎಂದರೂ, ಇಳಿಯುವಾಗ ಆ ಕಾಲಿನ ಮೇಲೆ ಭಾರ ಬಿಡಲು ಮೈ ಅಂಜುತ್ತಿದ್ದರೆ ಎರಡು ಗೆರೆಗಳ ನಡುವೆ ಅಂತರ ಕಾಣುತ್ತದೆ. ಉಸ್ತಾದರ ಕಣ್ಣಿಗೂ ಸಿಗದ ಸೂಕ್ಷ್ಮ ಇದು. ನಗರದ ಇನ್ನೊಂದು ತುದಿಯಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ, ಹಾಕಿ ಆಟಗಾರರು ಬೆನ್ನಿನ ರೆಕ್ಕೆಮೂಳೆಗಳ ನಡುವೆ ಜಿಪಿಎಸ್ ತುಣುಕು ಸಿಕ್ಕಿಸಿಕೊಂಡು ಅಭ್ಯಾಸ ಮಾಡಿದರು. ಯಾರು ಎಷ್ಟು ದೂರ ಓಡಿದರು, ಯಾರನ್ನು ಇವತ್ತು ಸುಮ್ಮನೆ ಕೂರಿಸಬೇಕು ಎಂಬುದು ಅದರಿಂದ ಗೊತ್ತಾಗುತ್ತಿತ್ತು. 2021ರಲ್ಲಿ ಟೋಕಿಯೊದಲ್ಲಿ ಪುರುಷರ ತಂಡಕ್ಕೆ 41 ವರ್ಷಗಳ ನಂತರ ಒಲಿಂಪಿಕ್ ಪದಕ ಬಂತು.

ಜನಸಾಮಾನ್ಯರ ಕಡೆಗೆ ಕಂಪ್ಯೂಟರ್ ಬಂದದ್ದು ಜೇಬಿನ ದಾರಿಯಲ್ಲಿ. ಯಶವಂತಪುರದ ಪಕ್ಕದ ಮತ್ತಿಕೆರೆ ಜೆ.ಪಿ. ಪಾರ್ಕ್‌ನಲ್ಲಿ ಬೆಳಗ್ಗೆ ಸುತ್ತು ಹಾಕುವವರು ಈಗ ಹೆಜ್ಜೆ ಲೆಕ್ಕದಲ್ಲಿ ಮಾತಾಡುತ್ತಾರೆ. ಎಲ್ಲರ ಬಾಯಲ್ಲಿರುವ 10,000 ಹೆಜ್ಜೆಯ ಗುರಿ ವೈದ್ಯಕೀಯ ಸಂಶೋಧನೆಯಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನ ಯಮಾಸಾ ಕಂಪನಿ ಮಾರಿದ ‘ಮಾನ್‌ಪೊ-ಕೆ’ ಎಂಬ ಹೆಜ್ಜೆಮಾಪಕದ ಹೆಸರಿನಿಂದ ಅದು ಹರಡಿತು. ಆ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ವಯಸ್ಸಾದವರು ಅದಕ್ಕಿಂತ ಕಡಿಮೆ ನಡೆದರೂ ಚೆನ್ನಾಗಿಯೇ ಫಲ ಸಿಗುತ್ತದೆ ಎಂಬುದನ್ನು ಪಾರ್ಕಿನ ಹಿರಿಯರಿಗೆ ಯಾರಾದರೂ ಹೇಳಬೇಕು.

ಬ್ಯಾಡ್ಮಿಂಟನ್ ಅಂಕಣವನ್ನು ಗಂಟೆ ಲೆಕ್ಕದಲ್ಲಿ ಹಂಚುವ ಪ್ಲೇಯೊದಂಥ ಆ್ಯಪ್‌ಗಳು ಬೆಂಗಳೂರಿನಲ್ಲೇ ಹುಟ್ಟಿದವು. ಆಡಲು ಜೊತೆಗಾರರಿಲ್ಲದ ಹೊಸಬರಿಗೆ ಅವು ಗೆಳೆಯರನ್ನೂ ಕೊಟ್ಟವು. ಆರ್.ಟಿ. ನಗರದ ಎಚ್‌ಎಂಟಿ ಮೈದಾನದಂಥ ಕಡೆಗಳಿಗೆ ದೊಡ್ಡ ಬದಲಾವಣೆ ತಂದದ್ದು ಅಹಮದಾಬಾದಿನ ಕ್ರಿಕ್‌ಹೀರೋಸ್‌ನಂಥ ಸ್ಕೋರಿಂಗ್ ಆ್ಯಪ್‌. ಔಟಾಗಿ ಬಂದವನು ನೆರಳಲ್ಲಿ ಕೂತು ಮೊಬೈಲಿನಲ್ಲಿ ಒಂದೊಂದೇ ಬಾಲ್ ಒತ್ತುತ್ತಾನೆ. ಭಾನುವಾರದ ಟೆನಿಸ್‌ಬಾಲ್ ಆಟಗಾರನಿಗೂ ಸರಾಸರಿ, ಸ್ಟ್ರೈಕ್‌ರೇಟ್, ವರ್ಷಗಟ್ಟಲೆ ಉಳಿಯುವ ದಾಖಲೆ ಸಿಕ್ಕಿತು. ಮೊದಲಾದರೆ ಆ ರನ್ನುಗಳು ಸಂಜೆಯ ಹೊತ್ತಿಗೆ ಧೂಳಿನ ಜೊತೆ ಕೂತುಬಿಡುತ್ತಿದ್ದವು.

ಶಾಲೆಗಳ ಕಥೆ ಇನ್ನೂ ನಡೆಯುತ್ತಿದೆ. ಬೆಂಗಳೂರಿನ ಎಜುಸ್ಪೋರ್ಟ್ಸ್ ಸಂಸ್ಥೆ ಖಾಸಗಿ ಶಾಲೆಗಳಲ್ಲಿ ಮಕ್ಕಳ ಆರೋಗ್ಯ, ತ್ರಾಣದ ಸಮೀಕ್ಷೆಯನ್ನು ಮೊದಲೇ ಆರಂಭಿಸಿತ್ತು. 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಖೇಲೋ ಇಂಡಿಯಾ ಆ್ಯಪ್ ತಂದು, 5ರಿಂದ 18 ವರ್ಷದ ಶಾಲಾ ಮಕ್ಕಳ ಅಳತೆಯನ್ನು ಫೋನಿಗೆ ಏರಿಸುವ ಏರ್ಪಾಡು ಮಾಡಿತು. ಚಿಕ್ಕವರಿಗೆ ಒಂಟಿಕಾಲಲ್ಲಿ ನಿಲ್ಲುವುದು, ಎರಡು ತಟ್ಟೆಗಳನ್ನು ಸರಸರ ಮುಟ್ಟುವುದು. ದೊಡ್ಡವರಿಗೆ 50 ಮೀಟರ್ ಓಟ, 600 ಮೀಟರ್ ಓಟ, ಪುಷ್‌ಅಪ್, ಕೂತು ಬಾಗುವುದು. ಎಲ್ಲರಿಗೂ ಎತ್ತರ, ತೂಕ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದಿತು. ಮಗುವಿನ ತೂಕ ಒಮ್ಮೆ ಸರ್ವರ್ ಸೇರಿದರೆ ಅದು ಎಲ್ಲಿಯವರೆಗೆ ಹೋದೀತು ಎಂಬ ಅಂಜಿಕೆ ಸಣ್ಣದಲ್ಲ. ತರಗತಿಯ ಎದುರೇ ತೂಕ ಕೂಗಿ ಹೇಳುವ ಹಳೆಯ ಅಭ್ಯಾಸವನ್ನು ಆ್ಯಪ್ ಬಿಡಿಸಿದರೆ ಅದೇ ಒಂದು ಲಾಭ.

ಕೂತು ಬಾಗುವ ಪರೀಕ್ಷೆಗೆ ಒಂದು ಮರದ ಪೆಟ್ಟಿಗೆ ಸಾಕು. ಹುಡುಗಿ ಶೂ ಬಿಚ್ಚಿ, ಅಂಗಾಲನ್ನು ಪೆಟ್ಟಿಗೆಗೆ ಒತ್ತಿ, ಮೊಣಕಾಲು ಮಡಚದೆ ಬೆರಳ ತುದಿಯನ್ನು ಮೇಲಿನ ಅಳತೆಪಟ್ಟಿಯ ಉದ್ದಕ್ಕೂ ಜಾರಿಸುತ್ತಾಳೆ. ಮೇಷ್ಟ್ರು ಸೆಂಟಿಮೀಟರ್ ನೋಡಿ ಫೋನಿನಲ್ಲಿ ಒತ್ತುತ್ತಾರೆ. ಅವಳು ಎದ್ದು ಮಣ್ಣು ಕೊಡವಿಕೊಂಡು ಪರದೆಯತ್ತ ಬಗ್ಗುತ್ತಾಳೆ: “ಸರ್, ನಂದೆಷ್ಟು ಬಂತು? ಹೋದ ಸಲಕ್ಕಿಂತ ಜಾಸ್ತಿನಾ?” ಮೇಷ್ಟ್ರು ಹಿಂದಿನ ಅಳತೆ ಹುಡುಕಿ ತೋರಿಸುವವರೆಗೆ ಅವಳು ಅಲ್ಲಿಂದ ಕದಲುವುದಿಲ್ಲ.